ಅಪ್ಪ ಮನೆಯಲ್ಲಿದ್ದಾರೆ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಕೆಲಸ ಬಿಟ್ಟು ಮನೆಯಲ್ಲಿದ್ದು ಮಕ್ಕಳನ್ನು ನೋಡಿಕೊಳ್ಳುವ ಗಂಡಸರ ಬಗ್ಗೆ ಹೋದ ಸಂಚಿಕೆಯಲ್ಲಿ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳು ಇವು. ಅಪ್ಪಂದಿರಿಗಿಂತ ಅವರ ಹೆಂಡತಿಯರೇ ಜಾಸ್ತಿ ಬರೆದಿದ್ದಾರೆ. ನಾನೂ ಇದೇ ಕೆಲಸದಲ್ಲಿರುವವನು. ಹೆಂಡತಿ ಆಸ್ಪತ್ರೆ ಡ್ಯೂಟಿಗೆ ಹೊರಟರೆ ಮನೆ, ಮಕ್ಕಳು ಎರಡೂ ನನ್ನ ಪಾಲು. ಹಾಗಾಗಿ ಅನುಭವಕ್ಕೆ ಬಂದದ್ದನ್ನು ನೇರವಾಗಿ ಹೇಳಿದ್ದೇನೆ. ಪತ್ರ ಬರೆದವರ ಊರಿನ ಹೆಸರು ಮಾತ್ರ ಹಾಕಿದ್ದೇವೆ.

ಪ್ರಶ್ನೆ: ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಟೀಚರ್. ಹೆರಿಗೆ ರಜೆ ಮುಗಿದ ಮೇಲೆ ನಮ್ಮ ಯಜಮಾನರು ಕಂಪನಿ ಕೆಲಸ ಬಿಟ್ಟು ಮಗು ನೋಡಿಕೊಳ್ಳುತ್ತಿದ್ದಾರೆ. ಅತ್ತೆಯವರು ಮಾತ್ರ ಮನೆಗೆ ಬಂದವರಿಗೆಲ್ಲ "ಅವನಿಗೆ ವರ್ಕ್ ಫ್ರಂ ಹೋಮ್" ಅನ್ನುತ್ತಾರೆ. ಮೊನ್ನೆ ಒಂದು ಗೃಹಪ್ರವೇಶದಲ್ಲಿ ಯಾರೋ ಸಂಬಳ ಎಷ್ಟು ಬರುತ್ತೆ ಅಂತ ಕೇಳಿದರು. ಇವರು ಉತ್ತರ ಕೊಡದೆ ಮಗು ಎತ್ತಿಕೊಂಡು ಹೊರಗೆ ಹೋದರು. ಏನು ಮಾಡಲಿ? (ದಾವಣಗೆರೆ)

ಉತ್ತರ: ಅತ್ತೆಯವರ ಮೇಲೆ ಕೋಪ ಮಾಡಿಕೊಳ್ಳಬೇಡಿ. ಅವರಿಗಿರುವುದು ಭಯ. ಮಗ ಏನು ಕೆಲಸದಲ್ಲಿದ್ದಾನೆ ಅನ್ನುವುದರ ಮೇಲೆ ನಮ್ಮ ಕಡೆ ತಾಯಿಯ ಮರ್ಯಾದೆಯೂ ನಿಂತಿರುತ್ತದೆ. ನಾಲ್ಕು ಜನರ ಮುಂದೆ ಮಗನ ಬಗ್ಗೆ ಹೇಳಿಕೊಳ್ಳಲು ಅವರಿಗೆ ಒಂದು ಮಾತು ಬೇಕು. ನಿಜ ಹೇಳಿದರೆ ಜನ ನಗುತ್ತಾರೆ ಅಂತ ಅವರಿಗೆ ಅನ್ನಿಸಿದೆ, ಅದಕ್ಕೇ ಬೇರೆ ಮಾತು ಹುಡುಕಿಕೊಂಡಿದ್ದಾರೆ.

ಆದರೆ ಆ ಸುಳ್ಳು ಮುಂದುವರಿಯಬಾರದು. ವರ್ಕ್ ಫ್ರಂ ಹೋಮ್ ಅಂತ ಹೇಳಿಬಿಟ್ಟರೆ ಅವರು ಹಗಲೆಲ್ಲ ಮಾಡುವ ಕೆಲಸ ಯಾರ ಲೆಕ್ಕಕ್ಕೂ ಬರುವುದಿಲ್ಲ. ಬಟ್ಟೆ ಒಗೆದದ್ದು, ಮಗುವಿಗೆ ಸ್ನಾನ ಮಾಡಿಸಿ ಮಲಗಿಸಿದ್ದು, ಮಧ್ಯಾಹ್ನದ ಅಡುಗೆ, ಇದೆಲ್ಲ ಆಫೀಸು ಕೆಲಸದ ನಡುವೆ ಬಿಡುವು ಸಿಕ್ಕಾಗ ತಾನಾಗೇ ಆದದ್ದು ಅಂತ ಆಗಿಬಿಡುತ್ತದೆ. ನಾಳೆ ಮಗು ಶಾಲೆಗೆ ಸೇರಿದ ಮೇಲೆ ಅವರು ಮತ್ತೆ ಕೆಲಸ ಹುಡುಕುವಾಗ ಸಂಬಂಧಿಕರಿಗೆ ಒಂದು ಕಥೆ, ಇಂಟರ್‌ವ್ಯೂನಲ್ಲಿ ಇನ್ನೊಂದು ಕಥೆ ಹೇಳಬೇಕಾಗುತ್ತದೆ. ಅದು ಮನುಷ್ಯನನ್ನು ಒಳಗೇ ಸಣ್ಣದು ಮಾಡುತ್ತದೆ.

ನಿಜ ಹೇಳಬೇಕಾದವರು ನೀವಲ್ಲ, ಅತ್ತೆಯವರೂ ಅಲ್ಲ. ನಿಮ್ಮ ಯಜಮಾನರೇ ಹೇಳಬೇಕು, ಅದೂ ಗಟ್ಟಿ ದನಿಯಲ್ಲಿ, ವಿವರಣೆ ಕೊಡುವ ಗೋಜಿಗೆ ಹೋಗದೆ. "ಮಗು ಚಿಕ್ಕದು, ನಾನೇ ನೋಡ್ಕೋತಾ ಇದ್ದೀನಿ. ಇವಳ ಕೆಲಸ ಪರ್ಮನೆಂಟು, ಬಿಡೋದು ಬೇಡ ಅಂತ ಇಬ್ಬರೂ ಕೂತು ಮಾತಾಡಿ ತೀರ್ಮಾನ ಮಾಡಿದ್ವಿ." ಇಷ್ಟು ಸಾಕು. ಆಮೇಲೆ ಮಾತು ಬೇರೆ ಕಡೆ ತಿರುಗಿಸಿ, ಗೃಹಪ್ರವೇಶದ ಮನೆಯ ಬಾಗಿಲು ಯಾವ ಮರದ್ದು ಅಂತ ಕೇಳಿದರೂ ಆಯಿತು. ಕೇಳಿದವರು ಎರಡು ಸಲ ಮುಖ ನೋಡುತ್ತಾರೆ, ಮೂರನೇ ಸಲ ಅವರಿಗೂ ಅದು ಹಳೆಯ ಸುದ್ದಿ.

ಇನ್ನೊಂದು ಮಾತು. ನಮ್ಮಲ್ಲಿ ಬಾಣಂತನ ತವರಿನಲ್ಲಿ ನಡೆಯುತ್ತದೆ. ಮೂರೋ ಐದೋ ತಿಂಗಳು ಅಪ್ಪ ಅನ್ನಿಸಿಕೊಂಡವನು ಭಾನುವಾರ ಹಣ್ಣು ತಗೊಂಡು ಬಂದು, ತೊಟ್ಟಿಲ ಪಕ್ಕ ಸ್ವಲ್ಪ ಹೊತ್ತು ಕೂತು, ಊಟ ಮಾಡಿ ಹೊರಡುವ ನೆಂಟ. ಎಣ್ಣೆ ನೀರು ಹಾಕುವುದು, ಮಗುವಿನ ಅಳುವಿನಲ್ಲಿ ಹಸಿವು ಯಾವುದು, ಹೊಟ್ಟೆ ನೋವು ಯಾವುದು ಅಂತ ಗುರುತಿಸುವುದು, ಇದೆಲ್ಲ ಅವನ ಕಣ್ಣಿಗೆ ಬೀಳುವ ಹೊತ್ತಿಗೆ ಮಗು ಮಗುಚಿಕೊಳ್ಳುತ್ತಿರುತ್ತದೆ. ಹೀಗೆ ದೂರ ಇಟ್ಟು ಬೆಳೆಸಿದ ಗಂಡಸರ ನಡುವೆ ನಿಮ್ಮ ಯಜಮಾನರು ಮುಂದೆ ಬಂದು ನಿಂತಿದ್ದಾರೆ. ದೇಶದ ಲೆಕ್ಕ ಹೇಗಿದೆ ನೋಡಿ: 2024ರ ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆಯಲ್ಲಿ, ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಅದಕ್ಕೆ ಕೊಟ್ಟರೆ, ಮನೆಗೆಲಸ ಮಾಡುವ ಗಂಡಸರು ಕೊಟ್ಟದ್ದು 88 ನಿಮಿಷ. ಮಾಡುವವರದ್ದು ಮಾತ್ರ ಈ ಲೆಕ್ಕ, ಮಾಡದೇ ಇರುವವರು ಇದರಲ್ಲಿ ಇಲ್ಲವೇ ಇಲ್ಲ. ಅತ್ತೆಯವರ ಹತ್ತಿರ ಒಬ್ಬರೇ ಕೂತಾಗ ಇದನ್ನು ಹೇಳಿ, "ನಿಮ್ಮ ಮಗ ಎಲ್ಲರ ಹಾಗಲ್ಲ ಅತ್ತೆ" ಅಂತ. ಅವರಿಗೆ ಹೆಮ್ಮೆ ಪಡಲು ಒಂದು ಕಾರಣ ಬೇಕಿದೆ, ಅದನ್ನು ನೀವೇ ಕೊಡಿ.

ಪ್ರಶ್ನೆ: ನನ್ನ ಗಂಡ ಮನೆಯಲ್ಲಿದ್ದು ಇಬ್ಬರು ಮಕ್ಕಳನ್ನು ನೋಡಿಕೊಳ್ಳುತ್ತಾರೆ. ಒಳ್ಳೆಯವರು, ಸೋಮಾರಿ ಅಲ್ಲ. ಆದರೆ ನಾನು ಆಫೀಸಿನಲ್ಲಿದ್ದಾಗ ಒಂದೇ ಸಮ ಫೋನ್. ಪಾಪುಗೆ ಯಾವ ಬಟ್ಟೆ ಹಾಕಲಿ? ಇಂಜೆಕ್ಷನ್ ಕಾರ್ಡ್ ಎಲ್ಲಿದೆ? ತಿಂಡಿಗೆ ಏನು ಮಾಡಲಿ? ಮೀಟಿಂಗ್‌ನಲ್ಲಿ ಕೂತು ನಾನು ಉಪ್ಪಿಟ್ಟೋ ದೋಸೆಯೋ ಅಂತ ಮೆಸೇಜ್ ಮಾಡುತ್ತಿರುತ್ತೇನೆ. ಹೇಳಿದರೆ "ಎಲ್ಲಾ ನಾನೇ ಮಾಡ್ತಿದ್ದೀನಲ್ಲ" ಅಂತ ಬೇಜಾರು ಮಾಡಿಕೊಳ್ಳುತ್ತಾರೆ. (ಬೆಂಗಳೂರು)

ಉತ್ತರ: ಈ ಪತ್ರ ಓದಿ ನಾನು ತುಂಬಾ ಹೊತ್ತು ಯೋಚಿಸಿದೆ, ಯಾಕಂದ್ರೆ ಮನೆಯಲ್ಲಿರುವ ಅಪ್ಪಂದಿರಿಗೆ ನಾನು ಹೇಳಬೇಕು ಅಂದುಕೊಂಡಿರುವುದೆಲ್ಲ ಇದರ ಒಳಗೇ ಇದೆ. ಕೈಯಿಂದ ಮಾಡುವುದು ಅರ್ಧ ಕೆಲಸ. ಇನ್ನರ್ಧ ತಲೆಯಲ್ಲಿ ಇಟ್ಟುಕೊಳ್ಳುವುದು. ನಿಮ್ಮ ಮನೆಯಲ್ಲಿ ಮೊದಲನೆಯದು ಅವರ ಹತ್ತಿರ ಹೋಗಿದೆ, ಎರಡನೆಯದು ಇನ್ನೂ ನಿಮ್ಮ ಹತ್ತಿರವೇ ಉಳಿದಿದೆ. ಅದಕ್ಕೇ ನಿಮಗೆ ಸುಸ್ತು, ಅವರಿಗೆ ಬೇಜಾರು. ಇಬ್ಬರದ್ದೂ ನಿಜ.

ಒಂದು ಉದಾಹರಣೆ ತಗೊಳ್ಳಿ, ಲಸಿಕೆ. ಹುಟ್ಟಿದಾಗ ಹಾಕಿದ್ದು ಬಿಟ್ಟರೆ ಆರು ವಾರಕ್ಕೆ, ಹತ್ತು ವಾರಕ್ಕೆ, ಹದಿನಾಲ್ಕು ವಾರಕ್ಕೆ, ಒಂಬತ್ತು ತಿಂಗಳು ತುಂಬಿದ ಮೇಲೆ, ಮತ್ತೆ ಹದಿನಾರರಿಂದ ಇಪ್ಪತ್ನಾಲ್ಕು ತಿಂಗಳ ಒಳಗೆ, ಆಮೇಲೆ ಐದು ಆರು ವರ್ಷಕ್ಕೆ. ಸರ್ಕಾರಿ ಪಟ್ಟಿಯ ಮುಖ್ಯ ದಿನಗಳು ಇವು. ಮಗುವನ್ನು ಆಸ್ಪತ್ರೆಗೆ ಎತ್ತಿಕೊಂಡು ಹೋಗುವುದು ಒಂದು ಗಂಟೆ ಕೆಲಸ. ಆದರೆ ಮುಂದಿನ ದಿನಾಂಕ ನೆನಪಿಡುವುದು, ತಾಯಿ ಕಾರ್ಡ್ ಯಾವ ಡ್ರಾಯರ್‌ನಲ್ಲಿದೆ ಅಂತ ಗೊತ್ತಿರುವುದು, ಹಿಂದಿನ ಸಲ ತೊಡೆ ಊದಿಕೊಂಡಿತ್ತು ಅಂತ ನರ್ಸ್‌ಗೆ ಹೇಳುವುದು, ಆ ರಾತ್ರಿ ಜ್ವರ ಬರಬಹುದು ಅಂತ ಮಾರನೆಯ ದಿನ ಬೇರೆ ಕೆಲಸ ಇಟ್ಟುಕೊಳ್ಳದೇ ಇರುವುದು, ಇದೆಲ್ಲ ಸೇರಿದರೆ ಅದು ಲಸಿಕೆಯ ಕೆಲಸ. ಕೊಡುವುದಾದರೆ ಪೂರ್ತಿ ಕೊಡಬೇಕು, ತಗೊಳ್ಳುವುದಾದರೆ ಪೂರ್ತಿ ತಗೊಳ್ಳಬೇಕು.

ಈಗ ನೀವು ಮಾಡಬೇಕಾದ್ದು. ಒಂದು ಭಾನುವಾರ ಇಬ್ಬರೂ ಕೂತು ನಿಮ್ಮ ತಲೆಯಲ್ಲಿರುವುದನ್ನೆಲ್ಲ ಒಂದು ನೋಟ್‌ಬುಕ್‌ಗೆ ಇಳಿಸಿ. ಶೂ ಸೈಜು, ಯಾವ ಔಷಧಿ ಒಗ್ಗುವುದಿಲ್ಲ, ಶಾಲೆಯ ಫೀಸು ಯಾವಾಗ, ಗ್ಯಾಸ್ ಬುಕ್ ಮಾಡುವ ನಂಬರ್, ಯಾವ ಟೀಚರ್ ಹತ್ತಿರ ಏನು ಮಾತಾಡಬೇಕಿದೆ, ಎಲ್ಲ. ಶಾಲೆಯ ವಾಟ್ಸಾಪ್ ಗ್ರೂಪ್‌ನಲ್ಲಿ ಅವರ ನಂಬರ್ ಇರಲಿ, ನಿಮ್ಮದು ಬೇಕಾದರೆ ತೆಗೆಸಿ. ಅಲ್ಲಿಂದ ಮುಂದೆ ಫೋನ್ ಬಂದರೆ "ನಿಮಗೆ ಹೇಗೆ ಸರಿ ಅನ್ಸುತ್ತೋ ಹಾಗೆ ಮಾಡಿ" ಅಂತ ಹೇಳಿ ಇಟ್ಟುಬಿಡಿ. ಅದು ಸಿಟ್ಟಿನಿಂದ ಅಲ್ಲ, ನಂಬಿಕೆಯಿಂದ.

ಇದಾದ ಮೇಲಿನದು ನಿಮಗೆ ಕಷ್ಟ. ಸಂಜೆ ಮನೆಗೆ ಬಂದಾಗ ಮಗಳು ಹಳದಿ ಫ್ರಾಕಿಗೆ ಹಸಿರು ಪ್ಯಾಂಟು ಹಾಕಿಕೊಂಡಿರುತ್ತಾಳೆ, ಜಡೆ ಸೊಟ್ಟಗಿರುತ್ತದೆ, ಸಾರಿಗೆ ನೀವು ಹಾಕದೇ ಇರುವ ಬೆಳ್ಳುಳ್ಳಿ ಬಿದ್ದಿರುತ್ತದೆ. ಏನೂ ಅನ್ನಬೇಡಿ. ಮಗು ಹೊಟ್ಟೆ ತುಂಬ ಉಂಡಿದೆಯಾ, ನಗುತ್ತಿದೆಯಾ? ಹಾಗಾದರೆ ಅದು ಅವರ ಕೈಯ ಮನೆ, ಅವರ ರೀತಿಯಲ್ಲೇ ನಡೆಯಲಿ. ಬಂದ ತಕ್ಷಣ ತಪ್ಪು ಹುಡುಕುತ್ತಾ ಹೋದರೆ ಮಾರನೆಯ ದಿನದಿಂದ ಅವರು ಮತ್ತೆ ಎಲ್ಲಕ್ಕೂ ಫೋನ್ ಮಾಡಿಯೇ ಮಾಡುತ್ತಾರೆ.

ಪ್ರಶ್ನೆ: ಮಗನಿಗೆ ಎಂಟು ತಿಂಗಳು. ಹಗಲು ನಾನೇ ಊಟ ಮಾಡಿಸುವುದು. ಅಂಗಡಿಯ ಡಬ್ಬಿ ಪೌಡರ್ ಕೊಡಲು ನನಗೆ ಇಷ್ಟವಿಲ್ಲ. ರಾಗಿ ಸರಿ ಮಾಡಿದರೆ ಎರಡು ಚಮಚ ತಿಂದು ಮುಖ ತಿರುಗಿಸುತ್ತಾನೆ. ನಮ್ಮಮ್ಮ ಇದ್ದಿದ್ದರೆ ಕೇಳುತ್ತಿದ್ದೆ. (ತುಮಕೂರು)

ಉತ್ತರ: ಅಮ್ಮನ ಹತ್ತಿರ ಕೇಳಬೇಕಿದ್ದದ್ದನ್ನು ನನ್ನ ಹತ್ತಿರ ಕೇಳಿದ್ದೀರಿ, ಹಾಗಾಗಿ ಅಡುಗೆಮನೆಯಲ್ಲಿ ಪಕ್ಕದಲ್ಲೇ ನಿಂತು ಹೇಳಿದ ಹಾಗೆ ಹೇಳುತ್ತೇನೆ.

ರಾಗಿಯನ್ನು ಕಲ್ಲು ಆರಿಸಿ, ನೀರು ತಿಳಿಯಾಗುವವರೆಗೆ ತೊಳೆದು, ರಾತ್ರಿ ನೆನೆಹಾಕಿ. ಬೆಳಿಗ್ಗೆ ನೀರು ಬಸಿದು ತೆಳು ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ ಪಾತ್ರೆಯೊಳಗೆ ಮುಚ್ಚಿಡಿ. ಬಟ್ಟೆ ಒಣಗಿದರೆ ನೀರು ಚಿಮುಕಿಸಿ. ಒಂದೆರಡು ದಿನದಲ್ಲಿ ಬಿಳಿ ಮೊಳಕೆ ಬಟ್ಟೆಯ ಕಣ್ಣುಗಳಿಂದ ಹೊರಗೆ ಇಣುಕುತ್ತದೆ. ಆಗ ಬಿಡಿಸಿ ನೆರಳಲ್ಲಿ ಚೆನ್ನಾಗಿ ಒಣಗಿಸಿ. ಒಣಗಿದ್ದನ್ನು ಅಂಗೈಯಲ್ಲಿ ಉಜ್ಜಿದರೆ ಮೊಳಕೆ ಉದುರುತ್ತದೆ, ಮೊರದಲ್ಲಿ ಕೇರಿ ತೆಗೆಯಿರಿ. ಸಣ್ಣ ಉರಿಯಲ್ಲಿ ಘಮ್ ಅನ್ನುವವರೆಗೆ ಹುರಿದು ಮಿಲ್ಲಿಗೆ ಒಯ್ಯಿರಿ. ಮಿಲ್ಲಿನವರಿಗೆ ಮೊದಲೇ ಹೇಳಿ, ಮೆಣಸಿನಪುಡಿ ಹಾಕಿದ ಮೇಲೆ ನಿಮ್ಮದು ಹಾಕಬಾರದು. ಇದನ್ನು ಮರೆತರೆ ಆ ಹಿಟ್ಟು ಮಗುವಿಗೆ ಕೊಡುವ ಹಾಗೇ ಇಲ್ಲ. ತಂದ ಹಿಟ್ಟನ್ನು ಬಟ್ಟೆಯಲ್ಲಿ ಜರಡಿ ಹಿಡಿದು ನುಣ್ಣಗಿರುವುದನ್ನು ಮಾತ್ರ ಇಟ್ಟುಕೊಳ್ಳಿ.

ಮಾಡುವಾಗ ಮೊದಲು ತಣ್ಣೀರಿನಲ್ಲಿ ಗಂಟಿಲ್ಲದ ಹಾಗೆ ಕಲಸಿ, ಆಮೇಲೆ ಒಲೆಯ ಮೇಲಿಟ್ಟು ಕೈಬಿಡದೆ ತಿರುಗಿಸಿ. ಬಣ್ಣ ಗಾಢವಾಗಿ, ಮೇಲೆ ಹೊಳಪು ಬಂದಾಗ ಬೆಂದಿದೆ ಅಂತ. ಅರ್ಧ ಚಮಚ ತುಪ್ಪ ಹಾಕಿ. ಒಂದು ವರ್ಷದವರೆಗೆ ಉಪ್ಪು, ಸಕ್ಕರೆ ಬೇಡ. ಜೇನುತುಪ್ಪ ಅಂತೂ ಒಂದು ವರ್ಷ ತುಂಬುವವರೆಗೆ ಬೇಡವೇ ಬೇಡ, ಯಾರು ಎಷ್ಟೇ ಒತ್ತಾಯ ಮಾಡಿದರೂ ನೆಕ್ಕಿಸಬೇಡಿ.

ತುಂಬಾ ಜನ ತಪ್ಪು ಮಾಡುವುದು ಹದದಲ್ಲಿ. ನೀರು ನೀರಾಗಿ ಮಾಡಿದರೆ ಹೊಟ್ಟೆ ತುಂಬುತ್ತದೆ, ಮೈಗೆ ಹತ್ತುವುದಿಲ್ಲ. ಚಮಚ ಓರೆ ಮಾಡಿದರೆ ಸರಿ ಸುರಿಯಬಾರದು, ನಿಧಾನಕ್ಕೆ ಜಾರಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಒಳ್ಳೆಯದೇ, ಆದರೆ ಮೂರು ಹೊತ್ತೂ ಅದೇ ಆದರೆ ಯಾರಿಗೆ ಬೇಸರ ಬರುವುದಿಲ್ಲ? ಒಂದು ಹೊತ್ತು ಸರಿ, ಇನ್ನೊಂದು ಹೊತ್ತು ಮೆತ್ತಗೆ ಬೆಂದ ಅನ್ನ, ತೊಗರಿಬೇಳೆ, ಒಂದು ತುಂಡು ಕ್ಯಾರೆಟ್ ಸೇರಿಸಿ ಕಿವುಚಿದ್ದು, ಮತ್ತೊಮ್ಮೆ ಮಾಗಿದ ಬಾಳೆಹಣ್ಣು. ಈ ವಯಸ್ಸಿಗೆ ದಿನಕ್ಕೆ ಎರಡು ಮೂರು ಊಟ ಸಾಕು, ಜೊತೆಗೆ ತಾಯಿ ಹಾಲು ಮುಂದುವರಿಯಲಿ. ಮುಖ ತಿರುಗಿಸಿದರೆ ನಿಲ್ಲಿಸಿ, ಮೊಬೈಲ್ ತೋರಿಸಿ ತುರುಕಬೇಡಿ. ಅಂಗನವಾಡಿಗೆ ತಿಂಗಳಿಗೊಮ್ಮೆ ನೀವೇ ಕರೆದುಕೊಂಡು ಹೋಗಿ ತೂಕ ಹಾಕಿಸಿ, ಕಾರ್ಡಿನಲ್ಲಿ ಗುರುತು ಹಾಕಿಸಿಕೊಳ್ಳಿ. ತೂಕದ ಗೆರೆ ಏರುತ್ತಿದ್ದರೆ ಎರಡು ಚಮಚಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಏರದೇ ನಿಂತರೆ ಮಕ್ಕಳ ಡಾಕ್ಟರ್ ಹತ್ತಿರ ಹೋಗಿ, ತಡ ಮಾಡಬೇಡಿ.

ಪ್ರಶ್ನೆ: ನಾನು ಮನೆಯಲ್ಲಿದ್ದು ಮಕ್ಕಳ ಬಗ್ಗೆ ದಿನಾ ಬರೆದು ಹಾಕುತ್ತೇನೆ, ಫೋಟೊ, ಚಿಕ್ಕ ವಿಡಿಯೊ ಸಮೇತ. ಸಾಕಷ್ಟು ಜನ ಓದುತ್ತಾರೆ. ಈಗ ಹಾಲಿನ ಬಾಟಲಿ ಮಾಡುವ ಕಂಪನಿಯೊಂದು ನಮ್ಮ ಬಾಟಲಿ ಬಗ್ಗೆ ನಾಲ್ಕು ಒಳ್ಳೆ ಮಾತು ಬರೀರಿ, ದುಡ್ಡು ಕೊಡ್ತೀವಿ ಅಂದಿದೆ. ಅದರ ಮಧ್ಯೆ ನಾಲ್ಕನೇ ಕ್ಲಾಸಿನ ಮಗಳು "ಅಪ್ಪಾ, ನನ್ನ ಬಗ್ಗೆ ಬರೀಬ್ಯಾಡ" ಅಂತ ಅತ್ತಳು. ಬರೆಯುವುದು ಬಿಡಬೇಕೇನ್ರೀ? (ಹುಬ್ಬಳ್ಳಿ)

ಉತ್ತರ: ಬರೆಯುವುದು ಬಿಡಬೇಡಿ. ಮನೆಯಲ್ಲಿರುವ ಗಂಡಸಿಗೆ ಹಗಲು ಮಾತಾಡಲು ದೊಡ್ಡವರು ಯಾರೂ ಸಿಗುವುದಿಲ್ಲ, ನೀವು ಬರೆದದ್ದು ಓದಿ ಬೀದರ್‌ನಲ್ಲೋ ಕಾರವಾರದಲ್ಲೋ ಇನ್ನೊಬ್ಬ ಅಪ್ಪನಿಗೆ "ಓ, ನಾನೊಬ್ಬನೇ ಅಲ್ಲ" ಅನ್ನಿಸುತ್ತದಲ್ಲ, ಅದು ಸಣ್ಣ ವಿಷಯ ಅಲ್ಲ. ಆದರೆ ನಿಮ್ಮ ಎರಡು ಪ್ರಶ್ನೆಗಳನ್ನೂ ಬೇರೆ ಬೇರೆಯಾಗಿ ನೋಡಬೇಕು.

ಬಾಟಲಿಯದು ಸುಲಭ. ಬೇಡ ಅಂತ ಹೇಳಿ. ಇದು ನನ್ನ ಅಭಿಪ್ರಾಯ ಅಲ್ಲ, ಕಾನೂನು. 1992ರಲ್ಲಿ ಬಂದು 2003ರಲ್ಲಿ ತಿದ್ದುಪಡಿಯಾದ ಶಿಶು ಆಹಾರದ ಕಾಯ್ದೆಯ ಪ್ರಕಾರ ಎರಡು ವರ್ಷದೊಳಗಿನ ಮಕ್ಕಳ ಹಾಲಿನ ಪುಡಿ, ಶಿಶು ಆಹಾರ, ಹಾಲಿನ ಬಾಟಲಿ ಇವುಗಳನ್ನು ಯಾರೂ ಜಾಹೀರಾತು ಮಾಡುವ ಹಾಗಿಲ್ಲ, ಜಾಹೀರಾತಿನ ಪ್ರಕಟಣೆಯಲ್ಲಿ ಪಾಲುಗೊಳ್ಳುವ ಹಾಗೂ ಇಲ್ಲ. ಕಂಪನಿಗೆ ಮಾತ್ರ ಅಂತಲ್ಲ, ಯಾವ ವ್ಯಕ್ತಿಗೂ ಇಲ್ಲ. ತಪ್ಪಿದರೆ ಮೂರು ವರ್ಷದವರೆಗೆ ಜೈಲು ಅಥವಾ ಐದು ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ತಾಯಿ ಹಾಲು ಬಿಡಿಸಿ ಡಬ್ಬಿಗೆ ಒಗ್ಗಿಸುವ ವ್ಯಾಪಾರ ತಡೆಯಲು ಬಂದ ಕಾನೂನು ಅದು. ನಿಮ್ಮನ್ನು ನಂಬಿ ಓದುವ ಅಪ್ಪ ಅಮ್ಮಂದಿರ ಮನೆಗೆ ಆ ವ್ಯಾಪಾರ ನಿಮ್ಮ ಬರಹದ ಮೂಲಕ ಹೋಗಬಾರದು. ಬೇರೆ ಸಾಮಾನು, ಅಂದರೆ ಬಟ್ಟೆ, ಆಟಿಕೆ, ಪುಸ್ತಕದ ಬಗ್ಗೆ ದುಡ್ಡು ತಗೊಂಡು ಬರೆಯುವುದಾದರೆ ಬರೆಯಿರಿ, ಆದರೆ ಇದು ದುಡ್ಡು ತಗೊಂಡು ಬರೆದದ್ದು ಅಂತ ಕಣ್ಣಿಗೆ ಬೀಳುವ ಹಾಗೆ ಮೊದಲೇ ಹಾಕಿ. ಜಾಹೀರಾತು ಮಾನದಂಡ ಮಂಡಳಿಯವರು 2021ರಲ್ಲೇ ಈ ನಿಯಮ ತಂದಿದ್ದಾರೆ.

ಮಗಳದು ದೊಡ್ಡ ವಿಷಯ. ಅವಳು ಬೇಡ ಅಂದಿದ್ದಾಳೆ. ಅಲ್ಲಿಗೆ ಮುಗಿಯಿತು. ಒಂಬತ್ತು ಹತ್ತು ವರ್ಷದ ಮಗುವಿಗೆ ತನ್ನ ಕ್ಲಾಸಿನಲ್ಲಿ ಯಾರು ಏನು ಅನ್ನುತ್ತಾರೆ ಅನ್ನುವುದೇ ಇಡೀ ಪ್ರಪಂಚ. ಅವಳು ಹಾಸಿಗೆ ಒದ್ದೆ ಮಾಡಿಕೊಂಡದ್ದು, ಲೆಕ್ಕದಲ್ಲಿ ಕಡಿಮೆ ಅಂಕ ತೆಗೆದದ್ದು, ತಮ್ಮನ ಮೇಲೆ ಹೊಟ್ಟೆಕಿಚ್ಚು ಪಟ್ಟದ್ದು, ನಿಮಗೆ ಮುದ್ದು ಅನ್ನಿಸಬಹುದು. ಅವಳ ಸ್ನೇಹಿತೆಯ ಅಮ್ಮ ಅದನ್ನು ಓದಿ ಮನೆಯಲ್ಲಿ ಹೇಳುತ್ತಾರೆ, ಮಾರನೆಯ ದಿನ ಶಾಲೆಯಲ್ಲಿ ಅದೇ ಮಾತು. ಮಗು ನಿಮ್ಮನ್ನು ನಂಬಿ ಮಾಡಿದ್ದನ್ನು, ಹೇಳಿದ್ದನ್ನು ಅವಳ ಒಪ್ಪಿಗೆ ಇಲ್ಲದೆ ಊರಿಗೆ ಕೊಡಬಾರದು. ಫ್ರಾನ್ಸ್‌ನಲ್ಲಿ ಮಗುವಿನ ಚಿತ್ರದ ಹಕ್ಕನ್ನು ಅಪ್ಪ ಅಮ್ಮ ಸೇರಿ ಕಾಪಾಡಬೇಕು, ವಯಸ್ಸಿಗೆ ತಕ್ಕ ಹಾಗೆ ಮಗುವನ್ನೂ ಕೇಳಬೇಕು ಅಂತ 2024ರಲ್ಲಿ ಕಾನೂನೇ ಮಾಡಿದರು. ಅದೇ ವರ್ಷ ಜುಲೈನಿಂದ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಮಕ್ಕಳನ್ನು ತೋರಿಸಿ ವಿಡಿಯೊದಿಂದ ದುಡ್ಡು ಮಾಡಿದರೆ ಅದರಲ್ಲಿ ಮಗುವಿಗೂ ಪಾಲು ತೆಗೆದಿಡಬೇಕು. ನಮ್ಮಲ್ಲಿ ಅಂಥ ಕಾನೂನು ಬರುವವರೆಗೆ ಕಾಯಬೇಕಾದ್ದೇನಿಲ್ಲ, ಅಲ್ವಾ?

ಇವತ್ತೇ ಕೂತು ಹಳೆಯದನ್ನೆಲ್ಲ ನೋಡಿ. ಸ್ನಾನದ ಫೋಟೊ, ಬಟ್ಟೆ ಇಲ್ಲದ ಫೋಟೊ ಎಷ್ಟೇ ಚಿಕ್ಕ ಮಗುವಿನದಾದರೂ ತೆಗೆಯಿರಿ. ಯೂನಿಫಾರ್ಮ್, ಶಾಲೆಯ ಬ್ಯಾಡ್ಜು, ವ್ಯಾನಿನ ನಂಬರ್, ಮನೆಯ ಮುಂದಿನ ಬೋರ್ಡು ಕಾಣುವುದೆಲ್ಲ ತೆಗೆಯಿರಿ. ಮಗಳ ಪಕ್ಕ ಕೂತು, ಅವಳ ಬಗ್ಗೆ ಇರುವುದನ್ನು ತೋರಿಸಿ, ಅವಳು ಬೇಡ ಅಂದದ್ದನ್ನು ಅವಳ ಕಣ್ಣೆದುರೇ ಅಳಿಸಿ. ಬರೆಯಲು ಏನು ಉಳಿಯಿತು ಅನ್ನುತ್ತೀರಾ? ನೀವು ಉಳಿದಿರಿ. ಅಕ್ಕಿ ರೊಟ್ಟಿ ತಟ್ಟಲು ಕಲಿತದ್ದು, ಮಧ್ಯಾಹ್ನ ಮೂರು ಗಂಟೆಗೆ ಬರುವ ಒಂಟಿತನ, ಹೆಂಡತಿ ಬಡ್ತಿ ಸಿಕ್ಕಿತು ಅಂತ ಹೇಳಿದಾಗ ಸಂತೋಷದ ಜೊತೆಗೇ ಎದೆಯಲ್ಲಿ ಚುಳುಕ್ ಅಂದದ್ದು. ಕನ್ನಡದಲ್ಲಿ ಗಂಡಸರು ಇದನ್ನು ಬರೆದದ್ದು ತೀರಾ ಕಡಿಮೆ. ಅದನ್ನು ಬರೆಯಿರಿ, ನಾನು ಖಂಡಿತ ಓದುತ್ತೇನೆ.

ಪ್ರಶ್ನೆ: ನಾವು ಹಾಸನದವರು, ಈಗ ಸ್ವೀಡನ್ ದೇಶದ ಸ್ಟಾಕ್‌ಹೋಮ್‌ನಲ್ಲಿ ಇದ್ದೇವೆ. ಮಗಳನ್ನು ನೋಡಿಕೊಳ್ಳಲು ನಾನು ಎಂಟು ತಿಂಗಳು ರಜೆ ಹಾಕಿದ್ದೇನೆ. ಇಲ್ಲಿ ಯಾರೂ ತಿರುಗಿ ನೋಡುವುದಿಲ್ಲ, ಪಾರ್ಕಿನಲ್ಲಿ ಗಾಡಿ ತಳ್ಳುವವರಲ್ಲಿ ಗಂಡಸರು ಬೇಕಾದಷ್ಟು. ಊರಿಗೆ ಫೋನ್ ಮಾಡಿದರೆ ಅಪ್ಪ "ಕೆಲಸದಿಂದ ತೆಗೆದ್ರಾ?" ಅಂತಲೇ ಕೇಳುತ್ತಾರೆ. (ಸ್ಟಾಕ್‌ಹೋಮ್)

ಉತ್ತರ: ಅಪ್ಪನಿಗೆ ಇದನ್ನು ಸರ್ಕಾರದ ರಜೆ ಅಂತ ಹೇಳಿ, ಅವರ ಕಾಲದ ಅರ್ನ್ಡ್ ಲೀವ್ ಲೆಕ್ಕದಲ್ಲಿ ಹೇಳಿದರೆ ಬೇಗ ಅರ್ಥವಾಗುತ್ತದೆ. ಅಲ್ಲಿ ಒಂದು ಮಗುವಿಗೆ ಅಪ್ಪ ಅಮ್ಮ ಇಬ್ಬರಿಗೂ ಸೇರಿ 480 ದಿನ, ಅದರಲ್ಲಿ 390 ದಿನಕ್ಕೆ ಸಂಬಳಕ್ಕೆ ತಕ್ಕ ಹಾಗೆ ದುಡ್ಡು ಬರುತ್ತದೆ, 90 ದಿನ ಅಪ್ಪನಿಗೇ ಮೀಸಲು, ಅವನು ತಗೊಳ್ಳದಿದ್ದರೆ ಹೋಯಿತು, ಹೆಂಡತಿಗೂ ಕೊಡುವ ಹಾಗಿಲ್ಲ.

ಈ ಮೀಸಲಿನ ಕಥೆ ನಮ್ಮವರೆಲ್ಲ ತಿಳಿದುಕೊಳ್ಳಬೇಕು. ಸ್ವೀಡನ್ 1974ರಲ್ಲೇ ಅಪ್ಪ ಅಮ್ಮ ಇಬ್ಬರಿಗೂ ಸೇರಿ ರಜೆ ಕೊಟ್ಟಿತು, ಹೇಗೆ ಬೇಕಾದರೂ ಹಂಚಿಕೊಳ್ಳಿ ಅಂತ. ಏನಾಯಿತು? ಗಂಡಸರು ತಮ್ಮ ಪಾಲನ್ನೂ ಹೆಂಡತಿಯರಿಗೇ ಬರೆದುಕೊಟ್ಟರು. ಅಲ್ಲಿಯವರೂ ನಮ್ಮವರ ಹಾಗೇ ಇದ್ದರು. 1995ರಲ್ಲಿ ಒಂದು ತಿಂಗಳು ಅಪ್ಪನಿಗೇ ಅಂತ ಕಟ್ಟಿಹಾಕಿದ ಮೇಲೆ ಬದಲಾಗಲು ಶುರುವಾಯಿತು, 2002ರಲ್ಲಿ ಎರಡು ತಿಂಗಳು, 2016ರಲ್ಲಿ ಮೂರು. ಈಗ ಒಟ್ಟು ದಿನಗಳಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಭಾಗ ಗಂಡಸರು ತಗೊಳ್ಳುತ್ತಾರೆ. ಅಂದರೆ ನೀವು ಪಾರ್ಕಿನಲ್ಲಿ ನೋಡುತ್ತಿರುವ ಆ ಗಂಡಸರನ್ನು ಅಲ್ಲಿನ ಹವೆ ತಯಾರು ಮಾಡಿದ್ದಲ್ಲ, ಕಾನೂನು ತಯಾರು ಮಾಡಿದ್ದು.

ನಮ್ಮಲ್ಲಿ 2017ರಿಂದ ತಾಯಿಗೆ ಮೊದಲೆರಡು ಮಕ್ಕಳಿಗೆ 26 ವಾರ ಇದೆ, ಅದು ಬೇಕೇ ಬೇಕು. ಆದರೆ ಅಪ್ಪನಿಗೆ? ಕೇಂದ್ರ ಸರ್ಕಾರಿ ನೌಕರನಾದರೆ 15 ದಿನ. ಖಾಸಗಿಯವರಿಗೆ ಕಾನೂನಿನಲ್ಲಿ ಏನೂ ಇಲ್ಲ, ಕಂಪನಿ ಕೊಟ್ಟರೆ ಉಂಟು. ಇಷ್ಟಿಟ್ಟುಕೊಂಡು "ನಮ್ಮ ಗಂಡಸರು ಮಕ್ಕಳನ್ನು ನೋಡಲ್ಲ" ಅಂದರೆ ಹೇಗೆ? ನೋಡಲು ಸಮಯವನ್ನೇ ಕೊಟ್ಟಿಲ್ಲ. ಅದಕ್ಕೇ ನಮ್ಮಲ್ಲಿ ಮಗು ನೋಡಿಕೊಳ್ಳಬೇಕು ಅನ್ನುವ ಅಪ್ಪ ಕೆಲಸವನ್ನೇ ಬಿಡಬೇಕಾಗುತ್ತದೆ, ನಿಮ್ಮ ಹಾಗೆ ಹಿಂದಿರುಗಲು ಅವನಿಗೆ ಕುರ್ಚಿ ಇರುವುದಿಲ್ಲ. ನಿಮಗೆ ಸಿಕ್ಕಿದ ಎಂಟು ತಿಂಗಳನ್ನು ಪೂರ್ತಿ ಅನುಭವಿಸಿ. ಅಪ್ಪನಿಗೆ ವಿಡಿಯೊ ಕಾಲ್‌ನಲ್ಲಿ ಮೊಮ್ಮಗಳಿಗೆ ಊಟ ಮಾಡಿಸುವುದನ್ನು ತೋರಿಸುತ್ತಿರಿ, ಅವರ ಪ್ರಶ್ನೆ ತಾನಾಗೇ ಬದಲಾಗುತ್ತದೆ.

ಪ್ರಶ್ನೆ: ನಾನು ಕೆಲಸ ಬಿಟ್ಟಿದ್ದೇನೆ. ಪತ್ನಿಗೆ ಒಳ್ಳೆಯ ಸಂಬಳ ಇದೆ, ಅವಳು ಯಾವತ್ತೂ ಲೆಕ್ಕ ಕೇಳಿಲ್ಲ. ಆದರೂ ಕ್ಷೌರಕ್ಕೆ, ಸ್ನೇಹಿತನ ಮದುವೆಯ ಮುಯ್ಯಿಗೆ ಕೈ ಚಾಚಬೇಕಲ್ಲ ಅಂತ ಸಂಕಟ. ಪಿಎಫ್ ದುಡ್ಡು ತೆಗೆದು ಇಟ್ಟುಕೊಳ್ಳಲಾ? (ಮಂಗಳೂರು)

ಉತ್ತರ: ಪಿಎಫ್ ಮುಟ್ಟಬೇಡಿ. ಹೊಸದಾಗಿ ಹಣ ಕಟ್ಟದಿದ್ದರೂ ಬಡ್ಡಿ ಬರುತ್ತಿರುತ್ತದೆ, ಕೆಲಸ ಬಿಟ್ಟ ಮೇಲಿನ ಬಡ್ಡಿಗೆ ತೆರಿಗೆ ಬೀಳುತ್ತದೆ ಅಷ್ಟೇ. ಪಿಂಚಣಿ ಯೋಜನೆಯಲ್ಲಿ ನಿಮ್ಮ ಸೇವೆ ಹತ್ತು ವರ್ಷ ಆಗಿರದಿದ್ದರೆ ಆ ಹಣವನ್ನೂ ವಾಪಸ್ ತಗೊಳ್ಳುವ ಬದಲು ಸ್ಕೀಮ್ ಸರ್ಟಿಫಿಕೇಟ್ ಮಾಡಿಸಿಡಿ, ಮುಂದೆ ಕೆಲಸಕ್ಕೆ ಸೇರಿದಾಗ ಹಳೆಯ ವರ್ಷಗಳು ಸೇರಿಕೊಳ್ಳುತ್ತವೆ.

ಕೈ ಚಾಚುವ ಸಂಕಟಕ್ಕೆ ಮದ್ದು ಬೇರೆ. ಪ್ರತಿ ತಿಂಗಳು ಸಂಬಳ ಬಂದ ದಿನವೇ ಒಂದು ಮೊತ್ತ ತಾನಾಗೇ ನಿಮ್ಮ ಖಾತೆಗೆ ಬರುವ ಹಾಗೆ ಬ್ಯಾಂಕಿನಲ್ಲಿ ಹೇಳಿಡಿ. ಮನೆ ಖರ್ಚಿನ ದುಡ್ಡು ಬೇರೆ, ಇದು ಬೇರೆ. ಇದಕ್ಕೆ ಯಾರಿಗೂ ಲೆಕ್ಕ ಕೊಡಬೇಕಿಲ್ಲ. ಅದರಲ್ಲೇ ಸ್ವಲ್ಪ ಪಿಪಿಎಫ್‌ಗೆ, ಅಂದರೆ ಸರ್ಕಾರದ ಉಳಿತಾಯ ಯೋಜನೆಗೆ, ನಿಮ್ಮ ಹೆಸರಿನಲ್ಲಿ ಹಾಕುತ್ತಾ ಹೋಗಿ, ವರ್ಷಕ್ಕೆ 500 ರೂಪಾಯಿಯಿಂದ ಒಂದೂವರೆ ಲಕ್ಷದವರೆಗೆ ಹಾಕಬಹುದು. ಹೆಂಡತಿ ಕೊಟ್ಟ ದುಡ್ಡನ್ನು ಎಫ್‌ಡಿಯಲ್ಲಿಟ್ಟರೆ ಅದರ ಬಡ್ಡಿಯನ್ನು ಆಕೆಯ ಆದಾಯಕ್ಕೇ ಸೇರಿಸುತ್ತಾರೆ, ಪಿಪಿಎಫ್ ಬಡ್ಡಿಗೆ ತೆರಿಗೆಯೇ ಇಲ್ಲದ್ದರಿಂದ ಆ ತೊಂದರೆ ಇಲ್ಲ. ಇನ್ನೆರಡು ಕೆಲಸ ಈ ವಾರವೇ ಮಾಡಿ. ನಿಮ್ಮ ಕಂಪನಿಯ ಆರೋಗ್ಯ ವಿಮೆ ಕೆಲಸದ ಜೊತೆಗೇ ಹೋಗಿದೆ, ಆಕೆಯ ವಿಮೆಯಲ್ಲಿ ನಿಮ್ಮ ಹೆಸರಿದೆಯಾ ನೋಡಿ. ಇಡೀ ಮನೆ ಒಂದು ಸಂಬಳದ ಮೇಲೆ ನಿಂತಿರುವಾಗ ಆಕೆಯ ಹೆಸರಿನಲ್ಲಿ ಟರ್ಮ್ ಇನ್ಶೂರೆನ್ಸ್ ಇರಲೇಬೇಕು. ಮುಯ್ಯಿ ವಿಷಯ ಕೇಳಿದಿರಿ, ಕವರ್ ಮೇಲೆ ಇಬ್ಬರ ಹೆಸರೂ ಬರೆದು ಕೊಡಿ.

ಪ್ರಶ್ನೆ: ಮಾಲ್‌ಗೆ ಹೋದರೆ ಮಗುವಿನ ಡೈಪರ್ ಬದಲಿಸುವ ಟೇಬಲ್ ಹೆಂಗಸರ ಟಾಯ್ಲೆಟ್‌ನಲ್ಲಿ ಮಾತ್ರ ಇರುತ್ತದೆ. ಪಾರ್ಕಿನಲ್ಲಿ ಅಮ್ಮಂದಿರು ನನ್ನನ್ನು ನೋಡಿ ಮಾತು ನಿಲ್ಲಿಸುತ್ತಾರೆ. (ಮೈಸೂರು)

ಉತ್ತರ: ಟೇಬಲ್ ಬಗ್ಗೆ ಮಾಲ್‌ನ ಮ್ಯಾನೇಜರ್ ಹೆಸರಿಗೆ ಬರವಣಿಗೆಯಲ್ಲಿ ಕೊಡಿ, ಬಾಯಲ್ಲಿ ಹೇಳಿದ್ದು ನಿಲ್ಲುವುದಿಲ್ಲ. ಗಂಡಸರ ಕಡೆಯೂ ಇಡಿ, ಇಲ್ಲವೇ ಯಾರು ಬೇಕಾದರೂ ಹೋಗುವ ಒಂದು ಕೋಣೆ ಮಾಡಿ ಅಂತ ಎರಡೇ ಸಾಲು ಬರೆದರೆ ಸಾಕು. ಅಲ್ಲಿಯವರೆಗೆ ಬ್ಯಾಗಿನಲ್ಲಿ ಒಂದು ರಬ್ಬರ್ ಶೀಟು ಇರಲಿ, ಕಾರಿನ ಹಿಂದಿನ ಸೀಟಿನ ಮೇಲೆ ಹಾಸಿಕೊಂಡರೆ ಕೆಲಸ ಆಗುತ್ತದೆ.

ಪಾರ್ಕಿನ ಅಮ್ಮಂದಿರ ಬಗ್ಗೆ ಬೇಸರ ಮಾಡಿಕೊಳ್ಳಬೇಡಿ. ಪರಿಚಯ ಇಲ್ಲದ ಗಂಡಸಿನ ಬಗ್ಗೆ ಅವರು ಹುಷಾರಾಗಿರುವುದರಲ್ಲಿ ತಪ್ಪಿಲ್ಲ. ದಿನಾ ಒಂದೇ ಹೊತ್ತಿಗೆ ಹೋಗಿ, ಮಗುವನ್ನು ಆಡಲು ಬಿಟ್ಟು ಬೆಂಚಿನಲ್ಲಿ ಕೂರಿ, ನೀವಾಗಿ ಮಾತಿಗೆ ಹೋಗಬೇಡಿ. ಒಂದು ರಜಾ ದಿನ ಹೆಂಡತಿಯನ್ನೂ ಕರೆದುಕೊಂಡು ಹೋಗಿ ಪರಿಚಯ ಮಾಡಿಸಿ. ಸಾಮಾನ್ಯವಾಗಿ ಮೊದಲ ಮಾತು ಮಗುವಿನ ಕೆಮ್ಮಿನಿಂದ ಶುರುವಾಗುತ್ತದೆ, ಯಾರಾದರೂ ಏನಾದರೂ ಕೇಳಿಯೇ ಕೇಳುತ್ತಾರೆ.